ಮಂಟಪ ಕುಣಿಸುವ ಕೊಡಗಿಗೆ ಕಾಮಿಕ್ಸ್, ಆನಿಮೇಷನ್ ಯಾಕೆ ದೂರ?

ಈ ವರ್ಷದ, ಅಂದರೆ 2026ರ ಕೇಂದ್ರ ಬಜೆಟ್ ಭಾಷಣದಲ್ಲಿ ಬಂದ ಒಂದು ಘೋಷಣೆ ಕೊಡಗಿನಲ್ಲಿ ಜಾಸ್ತಿ ಚರ್ಚೆಯಾಗಬೇಕಿತ್ತು. ದೇಶದ 15,000 ಪ್ರೌಢಶಾಲೆಗಳಲ್ಲಿ ಮತ್ತು 500 ಕಾಲೇಜುಗಳಲ್ಲಿ ಆನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕಲಿಸುವ ಲ್ಯಾಬ್ ಬರುತ್ತವಂತೆ. ಮುಂಬೈನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕ್ರಿಯೇಟಿವ್ ಟೆಕ್ನಾಲಜೀಸ್ ಇದನ್ನು ಮಾಡುತ್ತದೆ, ಸರ್ಕಾರ ನೆರವು ಕೊಡುತ್ತದೆ. 2030ರ ಹೊತ್ತಿಗೆ ಈ ಕ್ಷೇತ್ರಕ್ಕೆ 20 ಲಕ್ಷ ಜನ ಬೇಕಾಗುತ್ತಾರೆ ಎಂಬ ಅಂದಾಜನ್ನೂ ಅದೇ ಭಾಷಣದಲ್ಲಿ ಹೇಳಿದರು.

ದೇಶದಲ್ಲಿ ಎಂಟುನೂರರ ಹತ್ತಿರ ಜಿಲ್ಲೆಗಳಿವೆ. ಲೆಕ್ಕ ಹಾಕಿದರೆ ಒಂದು ಜಿಲ್ಲೆಗೆ ಸರಾಸರಿ ಹದಿನೆಂಟು ಹತ್ತೊಂಬತ್ತು ಶಾಲೆ. ಹಾಗೆ ಸಮನಾಗಿ ಹಂಚುತ್ತಾರೆ ಅಂತ ಏನೂ ಇಲ್ಲ, ದೊಡ್ಡ ಊರುಗಳು ಜಾಸ್ತಿ ಎಳೆದುಕೊಳ್ಳುವುದೇ ಹೆಚ್ಚು. ಆದರೂ ನಾಲ್ಕೈದು ಶಾಲೆ ನಮ್ಮ ಪಾಲಿಗೆ ಬಂದವು ಅಂತಿಟ್ಟುಕೊಳ್ಳೋಣ. ಮಡಿಕೇರಿಯಲ್ಲೋ, ವಿರಾಜಪೇಟೆಯಲ್ಲೋ, ಸೋಮವಾರಪೇಟೆಯಲ್ಲೋ ಒಂದು ಕೋಣೆ, ಹತ್ತು ಕಂಪ್ಯೂಟರ್, ಒಬ್ಬ ತರಬೇತುದಾರ. ಆಮೇಲೆ? ಆ ಮಕ್ಕಳು ಏನು ಬಿಡಿಸಬೇಕು, ಬಿಡಿಸಿದ್ದನ್ನು ಯಾರು ಓದಬೇಕು, ಎಲ್ಲಿ ತೋರಿಸಬೇಕು? ಲ್ಯಾಬ್ ಬರುವುದಕ್ಕಿಂತ ಮೊದಲೇ ಇದಕ್ಕೆ ಉತ್ತರ ಹುಡುಕಿಕೊಳ್ಳಬೇಕು ಅನ್ನುವುದು ನನ್ನ ವಾದ. ಉತ್ತರದ ದೊಡ್ಡ ಭಾಗ ನಮ್ಮ ಊರಿನಲ್ಲೇ ಇದೆ.

ಮೊದಲು ಈಗಿನ ಸ್ಥಿತಿ ನೋಡೋಣ. ಈ ಕ್ಷೇತ್ರಕ್ಕೆ ಅಂತಲೇ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ, ಅದು 2012ರಲ್ಲಿ. ಆಮೇಲೆ 2017ರಲ್ಲಿ ಇನ್ನೊಂದು ಬಂತು. ಈಗ ಜಾರಿಯಲ್ಲಿರುವುದು 2024ರಿಂದ 2029ರವರೆಗಿನದು. 2028ರೊಳಗೆ 30,000 ಹೊಸ ಉದ್ಯೋಗ ಅದರ ಗುರಿ. ಚೆನ್ನಾಗಿದೆ. ಆದರೆ ಸ್ಟುಡಿಯೋಗಳು, ಸರ್ಕಾರದ ನೆರವಿನ ತರಬೇತಿ ಕೇಂದ್ರ, ಉದ್ಯಮದ ಸಂಘ ಎಲ್ಲವೂ ಇರುವುದು ಬೆಂಗಳೂರಿನಲ್ಲಿ. ಕಾರ್ಯಕ್ರಮಗಳೂ ಅಲ್ಲೇ. ಕಾಮಿಕ್ಸ್ ಮೇಳವಾದ ಕಾಮಿಕ್ ಕಾನ್ 2012ರಿಂದ ಬೆಂಗಳೂರಿಗೆ ಬರುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಆವರಣದಲ್ಲಿ ನಡೆದಿದೆ. ಬೆಂಗಳೂರು ಜಿಎಎಫ್‌ಎಕ್ಸ್ ಎಂಬ ಗೇಮಿಂಗ್, ಆನಿಮೇಷನ್ ಸಮಾವೇಶ ವರ್ಷದ ಮೊದಲ ಎರಡು ಮೂರು ತಿಂಗಳಲ್ಲಿ ಬರುತ್ತದೆ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಜನವರಿಯಲ್ಲಿ. ಎಂ.ಜಿ. ರಸ್ತೆಯ ಪಕ್ಕದಲ್ಲೇ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯೂ ಇದೆ.

ಈ ಪಟ್ಟಿಯನ್ನು ಕೊಡಗಿನ ಕಣ್ಣಿನಿಂದ ನೋಡಿ. ಡಿಸೆಂಬರಿನಿಂದ ಫೆಬ್ರವರಿ ಅಂದರೆ ಕಾಫಿ ಕುಯಿಲಿನ ಕಾಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗುತ್ತದೆ. ತೋಟ ಇರುವ ಮನೆಯಲ್ಲೂ, ತೋಟದಲ್ಲಿ ಕೂಲಿ ಮಾಡುವ ಮನೆಯಲ್ಲೂ ಆಗ ಯಾರಿಗೂ ಬಿಡುವು ಇರುವುದಿಲ್ಲ. ಮಗಳಿಗೆ ಚಿತ್ರ ಬಿಡಿಸುವ ಹುಚ್ಚು ಇದೆ ಅಂತ ಅಪ್ಪ ಅವಳನ್ನು ಇನ್ನೂರೈವತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ಜಿಲ್ಲೆಗೆ ರೈಲಿಲ್ಲ. ಬಸ್ಸಿನಲ್ಲಿ ಹೋಗಿ, ಒಂದು ರಾತ್ರಿ ಎಲ್ಲಾದರೂ ತಂಗಿ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ಮರುದಿನ ವಾಪಸ್ ಬರುವಷ್ಟರಲ್ಲಿ ಆಗುವ ಖರ್ಚಿದೆಯಲ್ಲ, ಎಷ್ಟೋ ಮನೆಗಳಿಗೆ ಅದು ಆಗದ ಮಾತು. ಹಾಗಾಗಿ ನಮ್ಮ ಮಕ್ಕಳು ಈ ಲೋಕವನ್ನು ನೋಡುವುದು ಫೋನಿನಲ್ಲಿ. ಅದೂ ನೆಟ್‌ವರ್ಕ್ ಸಿಗುವ ಕಡೆ ನಿಂತು.

ಹಾಗಾದರೆ ಕೊಡಗಿನಲ್ಲಿ ಈ ಕಲೆ ಇಲ್ಲವಾ? ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ನಿಂತವರು ಹಾಗೆ ಹೇಳಲಾರರು.

ಹೊರಗಿನ ಓದುಗರಿಗಾಗಿ ಸ್ವಲ್ಪ ವಿವರ. ಮಡಿಕೇರಿ ದಸರಾ ನಾಲ್ಕು ಮಾರಿಯಮ್ಮ ದೇವಸ್ಥಾನಗಳ ಕರಗದಿಂದ ಶುರುವಾಗಿ ದಶಮಂಟಪಗಳ ಶೋಭಾಯಾತ್ರೆಯಲ್ಲಿ ಮುಗಿಯುತ್ತದೆ. ಪೇಟೆ ಶ್ರೀರಾಮಮಂದಿರ, ದೇಚೂರು ಶ್ರೀರಾಮಮಂದಿರ, ಕೋಟೆ ಗಣಪತಿ, ಕೋಟೆ ಮಾರಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಚೌಡೇಶ್ವರಿ, ಕೋದಂಡರಾಮ, ಕರವಲೆ ಭಗವತಿ, ಹೀಗೆ ಹತ್ತು ದೇವಸ್ಥಾನಗಳ ಹತ್ತು ಮಂಟಪ. ಪ್ರತಿಯೊಂದಕ್ಕೂ ಒಂದು ಸಮಿತಿ, ಒಂದು ಕಥಾವಸ್ತು. ಟ್ರ್ಯಾಕ್ಟರ್ ಎಳೆಯುವ ಪ್ಲಾಟ್‌ಫಾರಂ ಮೇಲೆ ಆಳೆತ್ತರಕ್ಕೂ ಮೀರಿದ ದೇವರು, ರಾಕ್ಷಸರು, ಸರ್ಪಗಳು, ಸಿಂಹಗಳು. ಇವು ಸುಮ್ನೆ ನಿಂತ ಬೊಂಬೆಗಳಲ್ಲ. ಕತ್ತು ತಿರುಗುತ್ತದೆ, ಕೈ ಏಳುತ್ತದೆ, ಬಾಯಿ ತೆರೆದು ಹೊಗೆ ಬರುತ್ತದೆ, ಮಹಿಷನ ತಲೆ ಕತ್ತರಿಸಿ ಬೀಳುತ್ತದೆ. ಬೆಳಗಿನ ಜಾವದವರೆಗೂ ಲಕ್ಷಾಂತರ ಜನ ನಿಂತು ನೋಡುತ್ತಾರೆ. ತೀರ್ಪುಗಾರರು ಅಂಕ ಹಾಕುತ್ತಾರೆ. ಬಹುಮಾನ ಯಾರಿಗೆ ಬಂತು, ಯಾರಿಗೆ ಬರಬೇಕಿತ್ತು ಅನ್ನುವ ಮಾತು ಮುಂದಿನ ವರ್ಷದವರೆಗೂ ನಿಲ್ಲುವುದಿಲ್ಲ. ಗೋಣಿಕೊಪ್ಪದ ದಸರೆಯಲ್ಲೂ ಇದೇ ಥರ ದಶಮಂಟಪ ಇದೆ.

ಒಂದು ಮಂಟಪ ತಯಾರಾಗುವ ಕ್ರಮವನ್ನು ಹತ್ತಿರದಿಂದ ಗಮನಿಸಿ. ಮೊದಲು ಕಥೆ ಆರಿಸುತ್ತಾರೆ. ಪುರಾಣದಲ್ಲಿ ಹತ್ತಾರು ಅಧ್ಯಾಯ ಹಿಡಿಯುವ ಕಥೆಯನ್ನು ಕೆಲವೇ ನಿಮಿಷಕ್ಕೆ ಇಳಿಸಬೇಕು. ಯಾವ ಘಟನೆ ಬೇಕು, ಯಾವುದನ್ನು ಬಿಡಬಹುದು ಅಂತ ಕೂತು ತೀರ್ಮಾನಿಸುತ್ತಾರೆ. ಆಮೇಲೆ ಮಾತು, ಸಂಗೀತ, ಗರ್ಜನೆ ಎಲ್ಲ ಸೇರಿಸಿ ಧ್ವನಿಮುದ್ರಣ. ಆ ಧ್ವನಿಗೆ ಸರಿಯಾಗಿ ಯಾವ ಮೂರ್ತಿ ಯಾವ ಕ್ಷಣದಲ್ಲಿ ಏಳಬೇಕು, ಲೈಟು ಎಲ್ಲಿ ಕೆಂಪಾಗಬೇಕು, ಹೊಗೆ ಯಾವಾಗ ಬಿಡಬೇಕು ಅಂತ ಹೊಂದಿಸುತ್ತಾರೆ. ಜನ ಎಡಗಡೆಯಿಂದ ನೋಡುತ್ತಾರಾ ಎದುರಿನಿಂದ ನೋಡುತ್ತಾರಾ ಅನ್ನುವುದರ ಮೇಲೆ ಮೂರ್ತಿಗಳ ಜಾಗ ನಿಗದಿಯಾಗುತ್ತದೆ. ಆನಿಮೇಷನ್ ಸ್ಟುಡಿಯೋದಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಚಿತ್ರಕಥೆ, ದೃಶ್ಯಗಳನ್ನು ಚೌಕಚೌಕವಾಗಿ ಬಿಡಿಸಿದ ಸ್ಟೋರಿಬೋರ್ಡ್, ಮೊದಲೇ ಮುದ್ರಿಸಿಕೊಂಡ ಧ್ವನಿ, ಅದಕ್ಕೆ ಹೊಂದುವ ಚಲನೆ, ಬೆಳಕು. ಮಡಿಕೇರಿಯ ಹುಡುಗರು ಇದನ್ನು ಯಾವ ಕೋರ್ಸೂ ಇಲ್ಲದೆ ದೇವಸ್ಥಾನದ ಶೆಡ್ಡಿನಲ್ಲಿ, ರಾತ್ರಿ ನಿದ್ದೆಗೆಟ್ಟು, ಹಿರಿಯರ ಕೈಕೆಳಗೆ ಕಲಿಯುತ್ತಾರೆ.

ಆದರೆ ಹಬ್ಬ ಮುಗಿದ ಮೇಲೆ ಎಲ್ಲ ಬಿಚ್ಚಿಡುತ್ತಾರೆ. ಉಳಿಯುವುದು ಫೋನಿನಲ್ಲಿ ತೆಗೆದ ಅಲುಗಾಡುವ ವಿಡಿಯೋ, ಮತ್ತು ಲಕ್ಷಗಟ್ಟಲೆ ಖರ್ಚಿನ ಲೆಕ್ಕ. ಲೈಟಿನ ದೊಡ್ಡ ಬೋರ್ಡುಗಳು ದಿಂಡಿಗಲ್‌ನಂಥ ಹೊರಗಿನ ಊರುಗಳಿಂದ ಬರುತ್ತವೆ, ಹಬ್ಬ ಮುಗಿದ ಕೂಡಲೇ ವಾಪಸ್ ಹೋಗುತ್ತವೆ. ಯಾವ ಕಥೆಯನ್ನು ಹೇಗೆ ಇಳಿಸಿದರು, ಯಾವ ಮೂರ್ತಿಗೆ ಯಾವ ಯಂತ್ರ ಹಾಕಿದರು ಎಂಬ ನಕ್ಷೆಗಳು ಜೋಪಾನವಾಗಿ ಒಂದು ಕಡೆ ಕೂಡಿರಬೇಕಿತ್ತು, ಮಕ್ಕಳು ನೋಡಿ ಕಲಿಯುವ ಹಾಗಿರಬೇಕಿತ್ತು. ಇಷ್ಟು ದೊಡ್ಡ ವಿದ್ಯೆ ವರ್ಷಕ್ಕೆ ಒಂದೇ ರಾತ್ರಿ ಹೊರಗೆ ಬಂದು ಮತ್ತೆ ಶೆಡ್ಡಿಗೆ ಹೋಗುವುದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನು ಓದುವ ವಿಷಯ. ಕಾಮಿಕ್ಸ್ ಕನ್ನಡಕ್ಕೆ ಪರಕೀಯ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಮರ ಚಿತ್ರ ಕಥೆ 1967ರಲ್ಲಿ ಇಂಗ್ಲಿಷ್‌ನಲ್ಲಿ ಶುರುವಾಯಿತು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲು, 1965ರಲ್ಲಿ, ಅದೇ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ. ಸರಣಿಯನ್ನು ಬೆಳೆಸಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಆಮೇಲೆ ನಮ್ಮ ತಲೆಮಾರುಗಳಿಗೆ ಬಾಲಮಂಗಳ ಪತ್ರಿಕೆ ಇತ್ತು, ಅದರ ನಾಯಕ ಡಿಂಗ ಇದ್ದ. ಅದನ್ನು ತರುತ್ತಿದ್ದವರು ಕೇರಳದ ಪ್ರಕಾಶಕರು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅದು ತೂಗುತ್ತಿದ್ದರೆ ಕೊಡಿಸದೆ ಮನೆಗೆ ಬರುವ ಹಾಗೇ ಇರಲಿಲ್ಲ. 2012ರಲ್ಲಿ ಅದು ನಿಂತಿತು. ಅದು ನಿಂತ ಜಾಗವನ್ನು ಕನ್ನಡದಲ್ಲಿ ಅಷ್ಟೇ ಗಟ್ಟಿಯಾಗಿ ತುಂಬುವ ಕಾಮಿಕ್ಸ್ ಪತ್ರಿಕೆ ಬರಲಿಲ್ಲ. ಗಡಿಯಾಚೆ ಕಣ್ಣೂರು, ವಯನಾಡಿನಲ್ಲಿ ಮಲಯಾಳದ ಮಕ್ಕಳಿಗೆ ಇವತ್ತಿಗೂ ಬಾಲರಮ ಇದೆ. ಕುಟ್ಟದಿಂದ ಅರ್ಧ ಗಂಟೆ ಆ ಕಡೆ ಹೋದರೆ ಈ ವ್ಯತ್ಯಾಸ ಅಂಗಡಿಯಲ್ಲೇ ಕಾಣುತ್ತದೆ.

ಈಗಿನ ಮಕ್ಕಳು ಜಪಾನಿನ ಆನಿಮೆ ನೋಡುತ್ತಾರೆ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಚೂಪು ಕೂದಲಿನ, ದೊಡ್ಡ ಕಣ್ಣಿನ ನಾಯಕರನ್ನು ಬಿಡಿಸುತ್ತಾರೆ. ಕೈ ಚೆನ್ನಾಗಿಯೇ ಪಳಗಿರುತ್ತದೆ. ಅದನ್ನು ತಪ್ಪು ಅಂತ ಬೈಯಬಾರದು, ಕಲಿಯುವುದು ಹಾಗೆಯೇ. ಆದರೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರ್ ಹುದ್ದೆ ಎಷ್ಟೋ ಕಡೆ ಖಾಲಿ. ಮಾಸ್ಟರ್ ಇದ್ದರೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿಸುತ್ತಾರೆ. ಅಲ್ಲಿ ಕೇಳುವುದು ವಸ್ತುಚಿತ್ರ, ವಿನ್ಯಾಸ. ಪ್ರತಿಭಾ ಕಾರಂಜಿಯಲ್ಲಿ ಒಂದು ಹಾಳೆಯಲ್ಲಿ ಒಂದು ಚಿತ್ರ ಬಿಡಿಸಬೇಕು. ಚಿತ್ರದ ಪಕ್ಕ ಚಿತ್ರ ಇಟ್ಟು ಕಥೆ ಹೇಳುವುದನ್ನು ಇವು ಎಲ್ಲೂ ಕೇಳುವುದಿಲ್ಲ. ಕಾಮಿಕ್ಸ್ ಅಂದರೆ ಅದೇ ತಾನೆ?

ಹೊಸ ಲ್ಯಾಬ್‌ಗಳ ಬಗ್ಗೆ ನನಗಿರುವ ದೊಡ್ಡ ಆತಂಕವೂ ಇದೇ. ಸಾಫ್ಟ್‌ವೇರ್ ಕಲಿಸುವುದು ಸುಲಭ, ಕಥೆ ಕಲಿಸುವುದು ಕಷ್ಟ. ಸುಲಭವಾದದ್ದನ್ನು ಮಾತ್ರ ಕಲಿಸಿದರೆ ಏನಾಗುತ್ತದೆ ಅಂತ ಬೆಂಗಳೂರಿನ ಉದ್ಯಮವೇ ತೋರಿಸಿಕೊಟ್ಟಿದೆ. ಅಲ್ಲಿನ ಕೆಲಸದಲ್ಲಿ ದೊಡ್ಡ ಪಾಲು ಹೊರದೇಶದ ಸಿನಿಮಾಗಳಿಗೆ ಮಾಡಿಕೊಡುವ ಕೆಲಸ. ಹೊಸದಾಗಿ ಸೇರಿದವರಿಗೆ ಮೊದಲು ಸಿಗುವುದು ರೋಟೋ, ಪೇಂಟ್. ಅಂದರೆ ಒಂದೊಂದು ಫ್ರೇಮಿನಲ್ಲೂ ನಟನ ಅಂಚನ್ನು ಕತ್ತರಿಸುವುದು, ಬೇಡದ ತಂತಿ, ಕಂಬ ಅಳಿಸುವುದು. ಹೊರಗಿನಿಂದ ಕೆಲಸ ಬರುವವರೆಗೆ ಸಂಬಳ ಇರುತ್ತದೆ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ಜಾಗತಿಕ ಸಮೂಹ ಕುಸಿದಾಗ ಬೆಂಗಳೂರಿನಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ಒಂದು ವಾರ ಮೊದಲು ಆಸ್ಕರ್ ಮಟ್ಟದ ಸಿನಿಮಾಗೆ ದುಡಿಯುತ್ತಿದ್ದವರಿಗೆ ಮರುವಾರ ಆಫೀಸಿನ ಬಾಗಿಲೇ ಇರಲಿಲ್ಲ.

ಅದರ ಮೇಲೆ ಎಐ. ಅಂಚು ಕತ್ತರಿಸುವುದು, ತಂತಿ ಅಳಿಸುವುದು ಇವೆಲ್ಲ ಯಂತ್ರ ಬೇಗ ಕಲಿಯುವ ಕೆಲಸಗಳು. ಇವತ್ತು ಎಂಟನೇ ಕ್ಲಾಸಿನಲ್ಲಿರುವ ಹುಡುಗಿ 2032ರ ಹೊತ್ತಿಗೆ ಕೆಲಸ ಹುಡುಕುತ್ತಾಳೆ. ಅಷ್ಟರಲ್ಲಿ ಆ ಮೊದಲ ಮೆಟ್ಟಿಲೇ ಇರುತ್ತದಾ ಅನ್ನುವುದು ಅನುಮಾನ. ಆದರೆ ಇನ್ನೊಂದು ಕಡೆ ನೋಡಿ. ಎಐಗೆ ಕೊಡವ ಮದುವೆಯ ಚಿತ್ರ ಬಿಡಿಸು ಅಂತ ಹೇಳಿ. ಗಂಡಿನ ಮೈಮೇಲೆ ಕುಪ್ಯ ಎಂಬ ನಿಲುವಂಗಿಯ ಬದಲು ಶೇರ್ವಾನಿ ಬಂದೀತು. ಪೀಚೆಕತ್ತಿ ಎಂಬ ಕಿರುಗತ್ತಿ ಮುಂದೆ ಸೊಂಟಪಟ್ಟಿಯಾದ ಚೇಲೆಯಲ್ಲಿ ಇರಬೇಕು, ಅಗಲ ಅಲಗಿನ ಒಡಿಕತ್ತಿ ಬೆನ್ನ ಹಿಂದೆ ಅದರ ಕೊಕ್ಕೆಯಾದ ತೊಡಂಗ್‌ನಲ್ಲಿ ಇರಬೇಕು ಅನ್ನುವುದು ಅದಕ್ಕೆ ಹೊಳೆಯುವುದು ಕಷ್ಟ. ಸೀರೆಯ ನೆರಿಗೆ ಹಿಂದಕ್ಕೆ ಬರುತ್ತದೆ ಅನ್ನುವುದೂ ಅಷ್ಟೇ. ಇದೆಲ್ಲ ಗೊತ್ತಿರುವುದು ಮನೆಯಲ್ಲಿ ಅಜ್ಜಿ ಸೀರೆ ಉಡುವುದನ್ನು ನೋಡಿ ಬೆಳೆದ ಮಗುವಿಗೆ. ಆ ಮಗುವಿನ ಕೈಯಲ್ಲಿ ಪೆನ್ಸಿಲ್ ಇರುವುದು ಮುಖ್ಯ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಸ್ವಂತ ಕಥೆಗೆ ಬೆಲೆ ಇದೆಯಾ? ಇದೆ. 2025ರ ಜುಲೈನಲ್ಲಿ ಬಂದ ಮಹಾವತಾರ್ ನರಸಿಂಹ 300 ಕೋಟಿ ರೂಪಾಯಿ ದಾಟಿ ಗಳಿಸಿತು. ಭಾರತದ ಯಾವ ಆನಿಮೇಷನ್ ಚಿತ್ರವೂ ಅಷ್ಟು ಗಳಿಸಿರಲಿಲ್ಲ. ಅದನ್ನು ಅರ್ಪಿಸಿದ್ದು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಹಿರಣ್ಯಕಶಿಪುವಿನ ಸಂಹಾರವನ್ನು ಮಂಟಪದ ಮೇಲೆ ನೋಡಿ ಬೆಳೆದ ನಮಗೆ ಆ ಚಿತ್ರದ ಕೊನೆಯ ಭಾಗ ಏನೂ ಹೊಸದಲ್ಲ. ಅದಕ್ಕೂ ಮೊದಲು ಬಂದ ಪುಣ್ಯಕೋಟಿ ನೋಡಿ. ಕನ್ನಡ ನಾಡಿನ ಗೋವಿನ ಹಾಡನ್ನು ಸಂಸ್ಕೃತದ ಆನಿಮೇಷನ್ ಚಿತ್ರವಾಗಿ ರವಿಶಂಕರ್ ಮಾಡಿದರು, ಜನರಿಂದ ದುಡ್ಡು ಕೂಡಿಸಿ.

ನಮ್ಮ ಜಿಲ್ಲೆಗೆ ಇನ್ನೂ ಹತ್ತಿರವಾದ ಉದಾಹರಣೆ ದೂರದ ಲಾಟ್ವಿಯಾ. ಇಡೀ ದೇಶದ ಜನಸಂಖ್ಯೆ 20 ಲಕ್ಷಕ್ಕಿಂತ ಕಡಿಮೆ. ಅಲ್ಲಿನ ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿದ ಫ್ಲೋ ಎಂಬ ಚಿತ್ರ 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು. ಪ್ರವಾಹದಲ್ಲಿ ಸಿಕ್ಕಿಬಿದ್ದ ಒಂದು ಬೆಕ್ಕಿನ ಕಥೆ, ಮಾತೇ ಇಲ್ಲ. ಅದನ್ನು ಮಾಡಿದ್ದು ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ. ಅದು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದದ್ದು, ಶಾಲೆಯ ಲ್ಯಾಬಿಗೂ ಅದೇ ಸಾಕು. ಪ್ರವಾಹದ ಕಥೆ ನಮಗೆ ಗೊತ್ತಿಲ್ಲವಾ? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಮಕ್ಕಳು ಕಣ್ಣಾರೆ ಕಂಡದ್ದನ್ನು ಇನ್ನೂ ಯಾರೂ ಅವರ ಕಣ್ಣಿನಿಂದ ನಮಗೆ ತೋರಿಸಿಲ್ಲ.

ಹಾಗಂತ ಕಂಪ್ಯೂಟರಿನಿಂದ ಶುರು ಮಾಡಬೇಕು ಅಂತ ನಾನು ಹೇಳುವುದಿಲ್ಲ. ಕೊಡಗಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲೆ. ಶಾಲೆಗೆ ಮಳೆ ರಜೆ. ಅಂಥ ದಿನಗಳಲ್ಲಿ ಮಕ್ಕಳ ಹತ್ತಿರ ಇರುವುದು ಕಾಗದ, ಪೆನ್ಸಿಲ್, ಬೇಕಾದಷ್ಟು ಹೊತ್ತು. ಮೊದಲು ಕಾಮಿಕ್ಸ್, ಆಮೇಲೆ ಆನಿಮೇಷನ್. ಇದು ಬರೀ ಅಭಿಪ್ರಾಯದ ಮಾತಲ್ಲ, ಲೆಕ್ಕದ ಮಾತು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಕೈಯಿಂದ ಬಿಡಿಸುವವರು ಒಂದೊಂದು ಚಿತ್ರವನ್ನು ಎರಡು ಫ್ರೇಮಿಗೆ ನಿಲ್ಲಿಸಿ ಸೆಕೆಂಡಿಗೆ 12 ಚಿತ್ರದಲ್ಲಿ ಮುಗಿಸುತ್ತಾರೆ. ಆದರೂ ಒಂದು ನಿಮಿಷಕ್ಕೆ 720 ಚಿತ್ರ. ಅದೇ ಒಂದು ನಿಮಿಷದ ಘಟನೆಯನ್ನು ಕಾಮಿಕ್ಸ್‌ನಲ್ಲಿ ಆರು ಚೌಕದಲ್ಲಿ ಹೇಳಬಹುದು. ಯಾವ ಆರು ಅಂತ ಆರಿಸುವುದರಲ್ಲೇ ಕಲಿಕೆ ಇರುವುದು.

ಪುಸ್ತಕ ಮಾಡಲು ಪ್ರೆಸ್ಸೂ ಬೇಡ. ಒಂದು ಎ4 ಹಾಳೆ ತಗೊಳ್ಳಿ. ಉದ್ದಕ್ಕೆ ಒಂದು ಸಲ ಮಡಚಿ ಬಿಡಿಸಿ. ಅಗಲಕ್ಕೆ ಎರಡು ಸಲ ಮಡಚಿ ಬಿಡಿಸಿ. ಎಂಟು ಮನೆ ಆಗುತ್ತವೆ. ಹಾಳೆಯನ್ನು ಅಗಲಕ್ಕೆ ಅರ್ಧ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಡಿಸಿ ಉದ್ದಕ್ಕೆ ಮಡಚಿ ಎರಡು ತುದಿಯಿಂದ ಒಳಕ್ಕೆ ತಳ್ಳಿದರೆ ಪಿನ್ನೂ ಇಲ್ಲದ, ಅಂಟೂ ಇಲ್ಲದ ಎಂಟು ಪುಟದ ಪುಸ್ತಕ. ಚಿತ್ರ ಎಲ್ಲವೂ ಹಾಳೆಯ ಒಂದೇ ಬದಿಯಲ್ಲಿ ಇರುವುದರಿಂದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿಗೆ ಒಂದು ಜೆರಾಕ್ಸ್ ದುಡ್ಡು, ಅಷ್ಟೇ. ಒಂದು ಕ್ಲಾಸಿನ ನಲವತ್ತು ಮಕ್ಕಳು ನಲವತ್ತು ಪುಸ್ತಕ ಮಾಡಿ ಒಬ್ಬರಿಗೊಬ್ಬರು ಹಂಚಿಕೊಂಡರೆ ಅಲ್ಲೇ ಒಂದು ಲೈಬ್ರರಿ ಆಯಿತು ಅಲ್ವಾ?

ಕನ್ನಡದಲ್ಲಿ ಮಾಡುವಾಗ ಒಂದು ತೊಡಕಿದೆ, ಅದನ್ನು ಮೊದಲೇ ಹೇಳಿಕೊಡಬೇಕು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಮಾತುಗಳನ್ನು ದೊಡ್ಡಕ್ಷರದಲ್ಲೇ ಬರೆಯುತ್ತಾರೆ, ಸಾಲು ಮಟ್ಟಸವಾಗಿ ಕೂರುತ್ತದೆ. ನಮ್ಮ ಅಕ್ಷರಗಳು ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು. ಸ್ತ್ರೀ, ರಾಷ್ಟ್ರ ಅಂತ ಬರೆದರೆ ಕೆಳಗಿನ ಸಾಲನ್ನು ತಳ್ಳುತ್ತದೆ. ಪದಗಳೂ ಉದ್ದ, ನಡುವೆ ಮುರಿದರೆ ಓದಲು ಕಷ್ಟ. ಇಂಗ್ಲಿಷಿಗೆ ಬಿಡಿಸಿದ ಮಾತಿನ ಗುಳ್ಳೆಯೊಳಗೆ ಕನ್ನಡ ತುರುಕಿದ ಅನುವಾದಗಳು ಉಸಿರುಗಟ್ಟಿದ ಹಾಗೆ ಕಾಣುವುದು ಇದರಿಂದಲೇ. ಹಾಗಾಗಿ ಮಾತನ್ನು ಮೊದಲು ಬರೆಯಬೇಕು, ಅದರ ಸುತ್ತ ಗುಳ್ಳೆ ಎಳೆಯಬೇಕು, ಆಮೇಲೆ ಉಳಿದ ಜಾಗದಲ್ಲಿ ಚಿತ್ರ. ಚೌಕದ ಮೇಲಿನ ಭಾಗವನ್ನು ಮಾತಿಗೆ ಬಿಟ್ಟುಕೊಂಡು ಶುರು ಮಾಡಿದರೆ ಒಳ್ಳೆಯದು. ಕಂಪ್ಯೂಟರಿನಲ್ಲಿ ಮಾಡುವವರಿಗೆ ಬಾಲೂ ತಮ್ಮ ಅಂತ ಪುಕ್ಕಟೆ ಫಾಂಟ್ ಇದೆ, ದುಂಡಗೆ ಗಟ್ಟಿಯಾಗಿ ಇದೆ, ಕಾಮಿಕ್ಸ್‌ಗೆ ಒಪ್ಪುತ್ತದೆ. ಕೈಬರಹ ಚೆನ್ನಾಗಿದ್ದರೆ ಕೈಬರಹವೇ ಮೇಲು.

ಕನ್ನಡ ಮಾತ್ರ ಅಲ್ಲ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ನಮ್ಮ ಮಾತೃಭಾಷೆ ಅಂದವರು 1,13,857 ಜನ. ಯುನೆಸ್ಕೋ ಇದನ್ನು ಅಳಿವಿನ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಅರೆಭಾಷೆ ಇದೆ, ಎರವರ ಮಾತಿದೆ, ಜೇನುಕುರುಬರ ಮಾತಿದೆ. ಮನೆಯಲ್ಲಿ ಆಡುವ ಭಾಷೆಯನ್ನು ಓದಿ ಗೊತ್ತಿಲ್ಲದ ಮಕ್ಕಳೇ ಜಾಸ್ತಿ. ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಕೆಲವು ಸ್ವರಗಳಿಗೆ ಅಕ್ಷರವೇ ಇರುವುದಿಲ್ಲ, ಓದುವವರು ಊಹಿಸಬೇಕು. ಚಿತ್ರ ಪಕ್ಕದಲ್ಲಿದ್ದರೆ ಊಹೆ ಸುಲಭ. ಮಡಿಕೇರಿಯಲ್ಲೇ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿ ಇದೆ. ಎರಡೂ ಪುಸ್ತಕ ತರುತ್ತವೆ. ಆ ಪಟ್ಟಿಯಲ್ಲಿ ಮಕ್ಕಳ ಕಾಮಿಕ್ಸ್ ಸರಣಿಗೆ ಒಂದು ಸ್ಥಾನ ಸಿಗಬೇಕು. ಪ್ರಥಮ್ ಬುಕ್ಸ್‌ನವರ ಜಾಲತಾಣ ಸ್ಟೋರಿವೀವರ್‌ನಲ್ಲಿ ಸಾವಿರಾರು ಚಿತ್ರಪುಸ್ತಕಗಳು ಯಾರು ಬೇಕಾದರೂ ಅನುವಾದಿಸಬಹುದಾದ ಪರವಾನಗಿಯಲ್ಲಿವೆ. ಅಭ್ಯಾಸಕ್ಕೆ ಅಲ್ಲಿಂದಲೇ ಶುರು ಮಾಡಬಹುದು.

ಕಥೆಗೆ ಕೊರತೆ ಇಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಅಚ್ಚು ಹಾಕಿಸಿದ ಪಟ್ಟೋಲೆ ಪಳಮೆಯಲ್ಲಿ ವೀರರ ಹಾಡುಗಳಿವೆ. ಬ್ರಿಟಿಷರ ವಿರುದ್ಧ 1837ರಲ್ಲಿ ನಡೆದ ಬಂಡಾಯದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಎದುರು ಗಲ್ಲಿಗೇರಿಸಿದ ಕಥೆ ಇದೆ. ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯ ಇದ್ದಾರೆ. 1965ರ ಯುದ್ಧದಲ್ಲಿ ತಮ್ಮದಕ್ಕಿಂತ ವೇಗದ ವಿಮಾನವನ್ನು ಹೊಡೆದುರುಳಿಸಿ ವಾಪಸ್ ಬರಲಿಲ್ಲ. ಆ ಸಾಹಸ ಏನೆಂದು ಗೊತ್ತಾಗಿ ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಕಳೆದ ವರ್ಷ ಆ ಕಥೆಯ ಮೇಲೆ ಹಿಂದಿ ಸಿನಿಮಾ ಬಂತು. ಪಾತ್ರಕ್ಕೆ ಬೇರೆ ಹೆಸರಿಟ್ಟಿದ್ದರು, ಆತ ಕೊಡಗಿನವರು ಅನ್ನುವುದೇ ಕಾಣಲಿಲ್ಲ ಎಂದು ಇಲ್ಲಿ ಎಲ್ಲರಿಗೂ ಬೇಸರವಾಯಿತು. ಬೇಸರ ನ್ಯಾಯವಾದದ್ದೇ. ಆದರೆ ನಾವೇ ಮೊದಲು ಮೂವತ್ತೆರಡು ಪುಟದ ಒಂದು ಚಿತ್ರಕಥೆ ಮಾಡಿ ಇಟ್ಟಿದ್ದರೆ ಆ ಮುಖ, ಆ ಮನೆತನದ ಹೆಸರು ಪ್ರತಿ ಮಗುವಿಗೂ ಗೊತ್ತಿರುತ್ತಿತ್ತು.

ಹಾಕಿಯ ವಿಷಯವಂತೂ ಹೇಳಲೇಬೇಕು. ಜಪಾನಿನಲ್ಲಿ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ವಾಲಿಬಾಲ್ ಎಲ್ಲದಕ್ಕೂ ಕಾಮಿಕ್ಸ್ ಇವೆ, ಅವನ್ನು ಓದಿ ಮೈದಾನಕ್ಕೆ ಇಳಿದ ಮಕ್ಕಳಿಗೆ ಲೆಕ್ಕವಿಲ್ಲ. ನಮ್ಮಲ್ಲಿ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಮುಟ್ಟಿತು. ಅಜ್ಜ, ಮೊಮ್ಮಗ, ಮದುವೆಯಾಗಿ ಹೋದ ಮಗಳು ಒಂದೇ ತಂಡದಲ್ಲಿ ಆಡುವ ಪಂದ್ಯಾವಳಿ ಜಗತ್ತಿನಲ್ಲಿ ಬೇರೆ ಎಲ್ಲಿದೆ? ಒಂದು ಸರಣಿಗೆ ಬೇಕಾದ ಪಾತ್ರ, ಜಿದ್ದು, ನಗು, ಅಳು ಎಲ್ಲ ಆ ಮೈದಾನದಲ್ಲಿ ಇದೆ.

ಈಗ ಕ್ಯಾಲೆಂಡರಿಗೆ ಬರೋಣ. ಈ ವರ್ಷ ಅಧಿಕ ಜ್ಯೇಷ್ಠ ಬಂದಿರುವುದರಿಂದ ದಸರಾ ತಡ. ಅಕ್ಟೋಬರ್ 17ರ ಸುಮಾರಿಗೆ ತಲಕಾವೇರಿಯಲ್ಲಿ ತೀರ್ಥೋದ್ಭವ, ಅದರ ಬೆನ್ನಿಗೇ ವಿಜಯದಶಮಿ. ಅದಾಗಿ ಸ್ವಲ್ಪ ದಿನಕ್ಕೆ ಅಕ್ಟೋಬರ್ 28, ಅಂತಾರಾಷ್ಟ್ರೀಯ ಆನಿಮೇಷನ್ ದಿನ. 1892ರಲ್ಲಿ ಅದೇ ದಿನ ಪ್ಯಾರಿಸ್‌ನಲ್ಲಿ ಎಮಿಲ್ ರೇನೋ ಕೈಯಿಂದ ಬಿಡಿಸಿದ ಚಿತ್ರಗಳನ್ನು ಪರದೆಯ ಮೇಲೆ ಓಡಿಸಿ ಜನರಿಗೆ ತೋರಿಸಿದ್ದ. ಕುಯಿಲು ಇನ್ನೂ ಶುರುವಾಗಿರುವುದಿಲ್ಲ, ಮಳೆ ಇಳಿದಿರುತ್ತದೆ, ಮಂಟಪದ ಕಲಾವಿದರೆಲ್ಲ ಊರಿನಲ್ಲೇ ಇರುತ್ತಾರೆ. ಕೊಡಗಿನ ಮೊದಲ ಕಾಮಿಕ್ಸ್–ಆನಿಮೇಷನ್ ಮೇಳಕ್ಕೆ ಇದಕ್ಕಿಂತ ಒಳ್ಳೆಯ ಸಮಯ ನನಗಂತೂ ಕಾಣುವುದಿಲ್ಲ.

ಹೊಸದಾಗಿ ಎಲ್ಲವನ್ನೂ ಕಟ್ಟಬೇಕಾಗಿಯೂ ಇಲ್ಲ. ಮಡಿಕೇರಿ ದಸರೆಯಲ್ಲಿ ಮಕ್ಕಳ ದಸರಾ ಇದೆ. ಅದರಲ್ಲಿ ಮಕ್ಕಳ ಸಂತೆ, ವೇಷ, ಕ್ಲೇ ಮಾಡೆಲಿಂಗ್ ಜೊತೆಗೆ ಮಕ್ಕಳೇ ಪುಟ್ಟ ಮಂಟಪ ಮಾಡಿ ತರುವ ಸ್ಪರ್ಧೆ ಇದೆ. ಅಲ್ಲೇ ಒಂದು ಮೇಜು ಹಾಕಿ, ಎಂಟು ಪುಟದ ಕಾಮಿಕ್ಸ್ ಸ್ಪರ್ಧೆ ಸೇರಿಸಿ. ಮಾಡಿದವರು ಅಲ್ಲೇ ಮಾರಲಿ. ಎರಡನೆಯದು, ಹತ್ತು ಮಂಟಪ ಸಮಿತಿಗಳು ತಮ್ಮ ತಮ್ಮ ಕಥಾವಸ್ತುವನ್ನು ಸ್ಥಳೀಯ ವಿದ್ಯಾರ್ಥಿಗಳಿಂದ ಬಿಡಿಸಿ ಪುಟ್ಟ ಪುಸ್ತಕ ಮಾಡಲಿ. ದೂರದ ಊರಿಂದ ಬಂದು ಗುಂಪಿನ ಹಿಂದೆ ನಿಂತವರಿಗೆ ಎಷ್ಟೋ ಸಲ ಮಂಟಪದಲ್ಲಿ ಏನಾಗುತ್ತಿದೆ ಅಂತಲೇ ಗೊತ್ತಾಗುವುದಿಲ್ಲ, ಕೈಯಲ್ಲಿ ಕಥೆ ಇದ್ದರೆ ನೋಡುವ ಸುಖವೇ ಬೇರೆ. ಮಂಟಪಕ್ಕೆ ಲಕ್ಷಗಟ್ಟಲೆ ಸುರಿಯುವ ಸಮಿತಿಗೆ ಇದು ದೊಡ್ಡ ಖರ್ಚಲ್ಲ. ಹತ್ತು ವರ್ಷ ಹೀಗೆ ಮಾಡಿದರೆ ನೂರು ಕಥೆಗಳ ದಾಖಲೆ ಉಳಿಯುತ್ತದೆ. ಅಚ್ಚು ಹಾಕಿಸುವ ಮೊದಲು ಪುಟಗಳ ಸಂಖ್ಯೆ ನಾಲ್ಕರ ಲೆಕ್ಕದಲ್ಲಿ ಇರಲಿ, ಪ್ರೆಸ್ಸಿನವರು ಹೇಗೂ ಅದನ್ನೇ ಕೇಳುತ್ತಾರೆ.

ಕಲಿಸುವವರು ಯಾರು ಅಂತ ಕೇಳಬಹುದು. ಮಂಟಪದ ಹಿರಿಯ ಕಲಾವಿದರೇ. ಮುಂಬೈನಿಂದಲೋ ಬೆಂಗಳೂರಿನಿಂದಲೋ ಬರುವ ತರಬೇತುದಾರನ ಜೊತೆ ಇವರನ್ನೂ ಲ್ಯಾಬಿಗೆ ಕರೆಯಬೇಕು, ಗೌರವಧನ ಕೊಟ್ಟು. ಇವರ ಹೆಸರಿನ ಮುಂದೆ ಡಿಗ್ರಿ ಇಲ್ಲ ಅಂತ ಹೊರಗೆ ನಿಲ್ಲಿಸಬಾರದು. ಚಿಕ್ಕ ಅಳುವಾರದಲ್ಲಿ 2023ರಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯ ಇದೆ. ಅದನ್ನು ಮುಚ್ಚುವ ಮಾತು 2025ರಲ್ಲಿ ಕೇಳಿಬಂದಾಗ ಜಿಲ್ಲೆಗೆ ಆ ವಿಶ್ವವಿದ್ಯಾಲಯ ಏನು ಕೊಡುತ್ತದೆ ಅನ್ನುವ ಪ್ರಶ್ನೆ ಎದ್ದಿತು. ಚಿತ್ರಕಥೆ ಮತ್ತು ಆನಿಮೇಷನ್‌ನ ಒಂದು ಸರ್ಟಿಫಿಕೇಟ್ ಕೋರ್ಸ್ ಆ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ. ಕಾಲೇಜು ಪಟ್ಟಿಯ 500ರಲ್ಲಿ ಒಂದು ನಮಗೆ ಬೇಕು ಅಂತ ಕೇಳುವ ಹಕ್ಕೂ ಆಗ ಗಟ್ಟಿಯಾಗುತ್ತದೆ.

ಓದುಗರನ್ನು ಹುಡುಕಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಅಂದರೆ ಗ್ರಂಥಾಲಯಗಳಲ್ಲಿ, ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆ ಬಿಟ್ಟ ಮೇಲೆ ಬಂದು ಕೂರುವ ಮಕ್ಕಳಿಗೆ ಅವರದೇ ಊರಿನ ಆನೆ, ತೋಟದ ಲೈನ್‌ಮನೆ, ಹಾಕಿ ಮೈದಾನ ಇರುವ ಪುಸ್ತಕ ಒಂದು ಕಟ್ಟು ಇಟ್ಟರೆ ಸಾಕು. ಹಾಗೆಯೇ ಸ್ಥಳೀಯ ಪತ್ರಿಕೆಗಳು ವಾರಕ್ಕೊಂದು ಪಟ್ಟಿ ಜಾಗ, ಮೂರು ಚೌಕದಷ್ಟು, ಹೈಸ್ಕೂಲು ಮಕ್ಕಳಿಗೆ ಬಿಟ್ಟುಕೊಡಬಹುದು. ವಾರ ವಾರ ಗಡುವಿಗೆ ಸರಿಯಾಗಿ ಬಿಡಿಸಿ ಕೊಡುವ ಅಭ್ಯಾಸ ಯಾವ ಲ್ಯಾಬಿನಲ್ಲೂ ಅಷ್ಟು ಚೆನ್ನಾಗಿ ಆಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೊಡಗಿನ ಕಥೆ ಅಂದ ಕೂಡಲೇ ಕೋವಿ, ಕುಪ್ಯ, ಕಾಫಿ, ಮಂಜು ಇಷ್ಟನ್ನೇ ಬಿಡಿಸುವ ಚಾಳಿ ಬರಬಾರದು. ಹಾಡಿಯ ಮಗು, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗು, ಪೇಟೆಯ ಅಂಗಡಿಯವರ ಮಗು ಇವರೂ ಇಲ್ಲಿಯವರೇ, ಅವರ ಹತ್ತಿರವೂ ಕಥೆ ಇದೆ. ಮನೆತನದ ಹೆಸರು, ದೈವ, ಐನ್‌ಮನೆ (ಮನೆತನದ ಮೂಲಮನೆ) ಇವನ್ನು ಬಳಸುವಾಗ ಆ ಮನೆಯವರನ್ನು ಕೇಳಿ ಬಿಡಿಸಬೇಕು. ನಮ್ಮ ಜಿಲ್ಲೆಯಲ್ಲಿ ಇದು ಸೂಕ್ಷ್ಮ ವಿಷಯ. ಕೇಳಿದರೆ ಅವರೇ ಹಳೆ ಫೋಟೋ ತೆಗೆದು ಕೊಡುತ್ತಾರೆ.

ದಸರಾ ಸಮಿತಿಯ ಸಭೆಗಳಲ್ಲಿ ಉಪಸಮಿತಿಗಳು, ಸ್ಪರ್ಧೆಗಳು ನಿಗದಿಯಾಗುವುದು ಹಬ್ಬಕ್ಕೆ ತಿಂಗಳುಗಳ ಮೊದಲು. ಮಂಟಪಗಳ ಕಥಾವಸ್ತುವೂ ಆಗಲೇ ಗಟ್ಟಿಯಾಗುತ್ತದೆ. ಚಿತ್ರ ಬಿಡಿಸುವ ಮಕ್ಕಳ ತಂದೆತಾಯಿ, ಡ್ರಾಯಿಂಗ್ ಮಾಸ್ಟರುಗಳು, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕೆಲಸ ಮಾಡುತ್ತಿರುವ ನಮ್ಮ ಊರಿನವರು ಸೇರಿ ಮಳೆಗಾಲದೊಳಗೆ ಒಂದು ಮನವಿ ಕೊಡಬೇಕು. ಅದರಲ್ಲಿ ಮೂರೇ ಮಾತು ಇರಲಿ: ಮಕ್ಕಳ ದಸರೆಯಲ್ಲಿ ಕಾಮಿಕ್ಸ್ ಸ್ಪರ್ಧೆ, ಪ್ರತಿ ಮಂಟಪಕ್ಕೆ ಒಂದು ಚಿತ್ರಕಥೆಯ ಪುಸ್ತಕ, ಅಕ್ಟೋಬರ್ 28ಕ್ಕೆ ಗಾಂಧಿ ಮೈದಾನದಲ್ಲೋ ಕಾಲೇಜಿನ ಸಭಾಂಗಣದಲ್ಲೋ ಒಂದು ದಿನದ ಪ್ರದರ್ಶನ. ಲ್ಯಾಬ್ ಯಾವ ಶಾಲೆಗೆ ಬರಬೇಕು ಎಂಬ ಅರ್ಜಿಯನ್ನು ಶಿಕ್ಷಣ ಇಲಾಖೆಗೆ ಜೊತೆಯಲ್ಲೇ ಕೊಡಬಹುದು, ಅದಕ್ಕೆ ಲಗತ್ತಿಸಲು ಮಕ್ಕಳು ಮಾಡಿದ ಎಂಟು ಪುಟದ ನಾಲ್ಕು ಪುಸ್ತಕಗಳಿದ್ದರೆ ಅರ್ಜಿಗೆ ತೂಕ ಬರುತ್ತದೆ.